ಸಾತ್, ಸಾಥ್, ಸಾಠ್

ಸಾತ್. ಸಾಥ್. ಸಾಠ್.

ಒಂದು ಸಲ ಜೋರಾಗಿ ಹೇಳಿ ನೋಡಿ. ಹಿಂದಿಯಲ್ಲಿ ಮೊದಲನೆಯದು ಏಳು, ಎರಡನೆಯದು ಜೊತೆ, ಮೂರನೆಯದು ಅರವತ್ತು. ಮೂರೂ ಬೇರೆ ಬೇರೆ ಅಂತ ನಿಮಗೆ ಗೊತ್ತಾದರೆ ಅದು ನಿಮ್ಮ ಜಾಣತನ ಏನಲ್ಲ. ಒಂದನೇ ಕ್ಲಾಸಿನಲ್ಲಿ ಟೀಚರ್ ಬೆತ್ತ ಹಿಡಿದುಕೊಂಡು ಟ ಠ ಡ ಢ ಣ, ತ ಥ ದ ಧ ನ ಅಂತ ಕೂಗಿಸಿದ್ದರ ಫಲ. ನಮ್ಮ ಭಾವನಿಗೆ ಮೂರೂ ಒಂದೇ ಥರ ಕೇಳಿಸುತ್ತಿದ್ದವು. ಅದರಿಂದ ಒಂದು ಊರಿಗೆ ಬರಬೇಕಿದ್ದ ನೀರಿನ ಟ್ಯಾಂಕು ಬರದೇ ಹೋಯಿತು.

ಭಾವ ಇಂಗ್ಲೆಂಡಿನವರು. ಅಕ್ಕ ಅಲ್ಲಿ ಓದುವಾಗ ಪರಿಚಯ, ಆಮೇಲೆ ನಮ್ಮ ತೀರ್ಥಹಳ್ಳಿಯಲ್ಲೇ ಮದುವೆ. ಈಗ ಇಬ್ಬರೂ ಡೆಹ್ರಾಡೂನಿನಲ್ಲಿದ್ದಾರೆ. ಭಾವನ ಕೆಲಸ ಗಢವಾಲ್ ಗುಡ್ಡಗಳ ಒರತೆಗಳನ್ನು ಅಳೆಯುವುದು. ನಮ್ಮ ಮಲೆನಾಡಿನಲ್ಲಿ ಅಬ್ಬಿ ನೀರು ಅಂತೀವಲ್ಲ, ಗುಡ್ಡದಿಂದ ತಾನಾಗೇ ಇಳಿದು ಬರೋದು, ಅದೇ. ಅಲ್ಲಿ ಅದಕ್ಕೆ ಧಾರಾ ಅಂತಾರೆ. ಒಂದು ನಿಮಿಷಕ್ಕೆ ಎಷ್ಟು ಲೀಟರ್ ಬರುತ್ತೆ, ಎಷ್ಟು ಮನೆ ಆ ನೀರನ್ನ ನಂಬಿಕೊಂಡಿವೆ, ಎರಡನ್ನೂ ಬರೆದುಕೊಂಡು ಲೆಕ್ಕ ಹಾಕಬೇಕು.

ಸಾಮಾನ್ಯವಾಗಿ ಭಾಷೆ ಬಲ್ಲ ಹುಡುಗನೊಬ್ಬ ಜೊತೆಗೆ ಹೋಗ್ತಿದ್ದ. ಒಂದು ದಿನ ಅವನಿಗೆ ಜ್ವರ. ಅಷ್ಟಿಷ್ಟು ಹಿಂದಿ ಬರುತ್ತಲ್ಲ ಅಂತ ಭಾವ ಒಬ್ಬರೇ ಹೋದರು. ಧಾರೆಯ ಹತ್ತಿರ ಬಿಂದಿಗೆ ತುಂಬುತ್ತಿದ್ದ ಒಬ್ಬ ಅಜ್ಜಿಯನ್ನ ಎಷ್ಟು ಮನೆಯವರು ಇಲ್ಲಿಂದ ನೀರು ಒಯ್ಯುತ್ತೀರಿ ಅಂತ ಕೇಳಿದರು. ಅಜ್ಜಿ "ಸಾತ್" ಅಂದರು. ಭಾವ ತಲೆ ಎತ್ತಿ ಗುಡ್ಡ ನೋಡಿದರು. ಮೇಲಿಂದ ಕೆಳಗಿನವರೆಗೆ ಕಲ್ಲು ಚಪ್ಪಡಿಯ ಮಾಡುಗಳು, ಐವತ್ತಕ್ಕೆ ಕಡಿಮೆ ಇರಲಿಲ್ಲ. ಪುಸ್ತಕದಲ್ಲಿ 60 ಅಂತ ಬರೆದುಕೊಂಡರು.

ಆ ಮಾಡುಗಳಲ್ಲಿ ಹೆಚ್ಚಿನವುಗಳ ಕೆಳಗೆ ಬೀಗ ಹಾಕಿತ್ತು. ಅದು ಅವರಿಗೆ ಕೆಳಗಿಂದ ಕಾಣಲಿಲ್ಲ.

ಲೆಕ್ಕ ನೀವೇ ಮಾಡಿ. ಧಾರೆಯಲ್ಲಿ ನಿಮಿಷಕ್ಕೆ 3 ಲೀಟರ್, ಅಂದರೆ ದಿನಕ್ಕೆ 4,320 ಲೀಟರ್. ಒಬ್ಬರಿಗೆ ದಿನಕ್ಕೆ 55 ಲೀಟರ್ ಅನ್ನೋದು ಸರ್ಕಾರದ ಜಲ ಜೀವನ್ ಯೋಜನೆಯ ಅಳತೆ. ಮನೆಗೆ ಐದು ಜನ ಅಂತ ಹಿಡಿದರೆ 60 ಮನೆಗೆ 16,500 ಲೀಟರ್ ಬೇಕು. ಸಾಲಲ್ಲ. ವರದಿಯಲ್ಲಿ 'ಈ ಒರತೆ ಸಾಲದು' ಅಂತ ಬಿತ್ತು, ಊರು ಪಟ್ಟಿಯಿಂದ ಹೊರಗೆ ಹೋಯಿತು. 7 ಮನೆಗೆ ಬೇಕಿದ್ದದ್ದು 1,925 ಲೀಟರ್. ಬೇಕಾದ್ದಕ್ಕಿಂತ ಎರಡು ಪಟ್ಟು ನೀರು ಅಲ್ಲೇ ಸುರಿದು ಹೋಗ್ತಿತ್ತು.

ತಪ್ಪು ಗೊತ್ತಾಗೋದಕ್ಕೆ ಎಂಟು ತಿಂಗಳು ಬೇಕಾಯಿತು. ಮರು ಎಣಿಕೆ ಮಾಡಿ ಕಳಿಸ್ತೀನಿ ಅಂತ ಭಾವ ಬರೆದುಕೊಟ್ಟರು. ಅದಕ್ಕೂ ಮೊದಲು ರಜೆ ಹಾಕಿ ಅಕ್ಷರದಿಂದ ಹಿಂದಿ ಕಲಿಯೋಕೆ ಲಂಢೌರಿಗೆ ಹೊರಟರು. ಅಕ್ಕನಿಗೆ ರಜೆ ಸಿಗಲಿಲ್ಲ. "ಹೆಂಗಿದ್ರೂ ನಿಂದು ವರ್ಕ್ ಫ್ರಮ್ ಹೋಮ್ ತಾನೆ, ಭಾವನ ಜೊತೆ ನೀನು ಹೋಗು" ಅಂದಳು. ಅಕ್ಟೋಬರ್, ಹಿಮಾಲಯ, ಖರ್ಚು ಭಾವಂದು. ಬೇಡ ಅನ್ನೋಕೆ ಕಾರಣ ಸಿಗಲಿಲ್ಲ.

ಡೆಹ್ರಾಡೂನಿನಿಂದ ಮಸ್ಸೂರಿಗೆ ಸುತ್ತಿ ಸುತ್ತಿ ಹತ್ತುವ ರಸ್ತೆ. ಮಸ್ಸೂರಿಯ ಗಲಾಟೆ ದಾಟಿ, ಗಂಟೆ ಗೋಪುರದ ಪಕ್ಕದ ಇಕ್ಕಟ್ಟು ಪೇಟೆಯಲ್ಲಿ ಎದುರಿಂದ ಬರುವ ಸ್ಕೂಟರಿಗೆಲ್ಲ ದಾರಿ ಬಿಟ್ಟು ಮತ್ತೂ ಮೇಲೆ ಹತ್ತಿದರೆ ಲಂಢೌರ್. ಒಮ್ಮೆಲೇ ಸದ್ದು ನಿಲ್ಲುತ್ತೆ. ದೇವದಾರು ಮರಗಳು, ಹಳೇ ಬಂಗಲೆಗಳು, ಕಲ್ಲಿನ ಕಟ್ಟೆ, ಕಟ್ಟೆಯ ಮೇಲೆ ಮಂಗಗಳು. 1827ರಲ್ಲಿ ಬ್ರಿಟಿಷರು ಕಾಯಿಲೆ ಬಿದ್ದ ಸೈನಿಕರು ಸುಧಾರಿಸಿಕೊಳ್ಳಲಿ ಅಂತ ಇಲ್ಲಿ ಡಿಪೋ ಮಾಡಿದರು. ವೇಲ್ಸಿನ ಲ್ಲಾನ್‌ಡೌರರ್ ಅನ್ನೋ ಹಳ್ಳಿಯ ಹೆಸರೇ ಇದಕ್ಕೆ ಬಂತು ಅಂತಾರೆ. ಇಂಗ್ಲಿಷಿನಲ್ಲಿ ಅದು ಲ್ಯಾಂಡೋರ್. ಹಿಂದಿ ಬೋರ್ಡಿನಲ್ಲಿ ಮಾತ್ರ ಮಹಾಪ್ರಾಣ ಹಾಕಿ 'ಲಂಢೌರ್' ಅಂತ ಬರೆದಿದ್ದಾರೆ. ತಮ್ಮ ದ್ವೀಪದಿಂದಲೇ ಬಂದ ಹೆಸರು ಭಾವನ ನಾಲಿಗೆಗೇ ಹೊರಳಲಿಲ್ಲ. ಟ್ಯಾಕ್ಸಿಯವನು ಮೂರು ಸಲ ಹೇಳಿಸಿ ನಕ್ಕ.

ಹಿಂದಿ ಕಲಿಸುವ ಶಾಲೆ ಇರುವುದು ಕೆಲಾಗ್ ಚರ್ಚಿನ ಕಟ್ಟಡದಲ್ಲಿ. ಮಿಷನರಿಗಳಿಗೆ ಈ ದೇಶದ ಭಾಷೆ ಕಲಿಸೋಕೆ ಶುರುವಾದ ಶಾಲೆ, ಈಗ ಸಂಶೋಧಕರು, ರಾಯಭಾರ ಕಚೇರಿಯವರು, ಭಾರತದ ಸೊಸೆ ಅಳಿಯಂದಿರು ಎಲ್ಲರೂ ಬರ್ತಾರೆ. ಕೆಲಾಗ್ ಅಂದರೆ ಬೆಳಗಿನ ಕಾರ್ನ್‌ಫ್ಲೇಕ್ಸ್ ಅಲ್ಲ. ಸ್ಯಾಮ್ಯುಯೆಲ್ ಕೆಲಾಗ್ ಅಂತ ಅಮೆರಿಕದ ಪಾದ್ರಿ, 1876ರಲ್ಲೇ ಹಿಂದಿಗೆ ದಪ್ಪನೆಯ ವ್ಯಾಕರಣ ಬರೆದವರು. ಇದೇ ಲಂಢೌರಿನಲ್ಲಿ 1899ರಲ್ಲಿ ಸೈಕಲ್ಲಿನಿಂದ ಬಿದ್ದು ತೀರಿಕೊಂಡರು. 1903ರ ಚರ್ಚು ಅವರ ನೆನಪಿನದು. ನಮ್ಮ ಕಿಟೆಲ್ ನಿಘಂಟು ಅಚ್ಚಾದದ್ದು 1894ರಲ್ಲಿ. ಸುಮಾರು ಅದೇ ಕಾಲಕ್ಕೆ ಒಬ್ಬರು ಅಲ್ಲಿ, ಒಬ್ಬರು ಇಲ್ಲಿ, ಇನ್ನೊಬ್ಬರ ಭಾಷೆಗಾಗಿ ಜೀವ ತೇಯುತ್ತಿದ್ದರು. ಆ ಇಳಿಜಾರು ನೋಡಿದ ಮೇಲೆ ನಾನಂತೂ ಅಲ್ಲಿ ಸೈಕಲ್ ಮುಟ್ಟಲ್ಲ.

ಮೊದಲ ಸಂಜೆ ನಾನೇ ಮೇಷ್ಟ್ರಾದೆ. "ಭಾವ, ಇದು ಏನೂ ಇಲ್ಲ, ಒಂದು ಮ್ಯಾಟ್ರಿಕ್ಸ್ ಅಷ್ಟೆ" ಅಂತ ಬಿಲ್ಲಿನ ಹಿಂದೆ ಐದು ಸಾಲು ಐದು ಕಂಬ ಎಳೆದೆ. ಸಾಲು ಬಾಯಲ್ಲಿ ಜಾಗ ಹೇಳುತ್ತೆ. ಕ ಗಂಟಲ ಹತ್ತಿರ, ಚ ಅಂಗಳದಲ್ಲಿ, ಟ ನಾಲಿಗೆ ಮೇಲಕ್ಕೆ ಮಡಚಿ, ತ ಹಲ್ಲಿಗೆ ತಾಗಿಸಿ, ಪ ತುಟಿಯಲ್ಲಿ. ಕಂಬ ಬೇರೆ ವಿಷಯ ಹೇಳುತ್ತೆ, ಉಸಿರು ಬೇಕೋ ಬೇಡವೋ, ಗಂಟಲು ನಡುಗಬೇಕೋ ಬೇಡವೋ, ಮೂಗಿನಿಂದ ಬರಬೇಕೋ. ಎ ಬಿ ಸಿ ಡಿ ಯಾಕೆ ಆ ಕ್ರಮದಲ್ಲಿದೆ ಅಂತ ಕೇಳಿದರೆ ಉತ್ತರ ಇಲ್ಲ. ಇಲ್ಲಿ ಪ್ರತಿ ಅಕ್ಷರಕ್ಕೂ ವಿಳಾಸ ಇದೆ. ಭಾವ ಸುಮಾರು ಹೊತ್ತು ಆ ಚೀಟಿ ನೋಡಿದರು. "ಇದನ್ನ ಮಕ್ಕಳಿಗೆ ಹೇಳಿಕೊಡ್ತಾರಾ?" ಅಂದರು. ಹೇಳಿಕೊಡಲ್ಲ, ಕೂಗಿಸ್ತಾರೆ. ನನಗೂ ಅದು ಮ್ಯಾಟ್ರಿಕ್ಸ್ ಅಂತ ಹೊಳೆದದ್ದು ಎಂಜಿನಿಯರಿಂಗ್ ಮುಗಿದ ಮೇಲೆ.

ಆದರೆ ವಿಳಾಸ ಗೊತ್ತಾದ ಮಾತ್ರಕ್ಕೆ ಮನೆ ಸಿಗಲ್ಲ. ಇಂಗ್ಲಿಷಿನವರ ಟಿ ಅನ್ನೋದು ನಮ್ಮ ತಕ್ಕೂ ಟಕ್ಕೂ ನಡುವೆ ಎಲ್ಲೋ, ವಸಡಿಗೆ ತಾಗಿ ಹುಟ್ಟುತ್ತೆ. ನಾವು ಅದನ್ನ ಟ ಅಂತ ಕೇಳಿಸಿಕೊಂಡು 'ಟಿಕೆಟ್', 'ಟೇಬಲ್' ಅಂತ ಬರೀತೀವಿ. ಅವರ ಕಿವಿಗೆ ತ, ಟ ಎರಡೂ ಅದೇ ಒಂದು ಡಬ್ಬಿಗೆ ಹೋಗಿ ಬೀಳುತ್ತವೆ. ಉಸಿರಿನ ಕಥೆ ಇನ್ನೂ ಮಜಾ. ಪದದ ಮೊದಲಲ್ಲಿ ಪಿ, ಟಿ, ಕೆ ಬಂದರೆ ಅವರು ತಮಗೆ ಗೊತ್ತಿಲ್ಲದೇ ಉಸಿರು ಬಿಡ್ತಾರೆ. ಹಾಗಾಗಿ ಭಾವನ 'ಪಾನೀ' ಯಾವಾಗಲೂ 'ಫಾನೀ'. ನೀರಿನ ಕೆಲಸ ಮಾಡೋರಿಗೆ ನೀರು ಅನ್ನೋಕೇ ಬರ್ತಿರಲಿಲ್ಲ! ಇನ್ನು 'ಧಾರಾ' ಅನ್ನೋದು 'ಡರಾ' ಆಗ್ತಿತ್ತು. ಡರ್ ಅಂದರೆ ಹೆದರಿಕೆ. ಊರೂರಿಗೆ ಹೋಗಿ ಎರಡು ವರ್ಷದಿಂದ ಏನು ಕೇಳ್ತಿದ್ದರೋ ಪಾಪ.

ಮಾರನೇ ದಿನ ತರಗತಿಯಲ್ಲಿ ನನಗೂ ಒಂದು ಕುರ್ಚಿ ಸಿಕ್ಕಿತು. ಮಾಸ್ಟರ್‌ಜಿ ವಯಸ್ಸಾದವರು, ಸ್ವೆಟರ್ ಮೇಲೆ ಕೋಟು. ಟಿಶ್ಯೂ ಪೇಪರಿನ ಒಂದು ಎಳೆ ಹರಿದು ಭಾವನ ಬಾಯಿ ಮುಂದೆ ಹಿಡಿದರು. "ಕ" ಅಂದಾಗ ಕಾಗದ ಅಲುಗಬಾರದು, "ಖ" ಅಂದಾಗ ಹಾರಬೇಕು. ಭಾವ ಎರಡಕ್ಕೂ ಹಾರಿಸಿದರು. ಆಗ ಮಾಸ್ಟರ್‌ಜಿ ಇಂಗ್ಲಿಷಿನ 'ಸ್ಪೂನ್' ಅನ್ನಿ ಅಂದರು. ಕಾಗದ ಅಲುಗಲಿಲ್ಲ. ಸ ಸೇರಿದ ಕೂಡಲೇ ಅವರ ಪ ಉಸಿರು ಬಿಟ್ಟುಬಿಡುತ್ತೆ. "ಈಗ ಸ ಅನ್ನೋದನ್ನ ಮನಸ್ಸಿನಲ್ಲೇ ಹೇಳಿ, ಪಾನೀ ಅಂತ ಬಾಯಲ್ಲಿ ಹೇಳಿ." ಹನ್ನೆರಡನೆಯದೋ ಹದಿಮೂರನೆಯದೋ ಸಲಕ್ಕೆ ಕಾಗದ ತೆಪ್ಪಗೆ ನಿಂತಿತು. ಭಾವನ ಕಿವಿ ಕೆಂಪಾಗಿತ್ತು. ಜೀವಮಾನವಿಡೀ ಸರಿಯಾದ ಪ ಅವರ ಬಾಯಲ್ಲೇ ಇತ್ತು, ಚಮಚದೊಳಗೆ.

ನಾನು ನಗ್ತಾ ಕೂತಿದ್ದೆ. ಮಾಸ್ಟರ್‌ಜಿ ಕಾಗದ ನನ್ನ ಕಡೆ ತಂದರು. "ಆಪ್ ಬೋಲಿಯೇ, ಭಾಈ."

"ಬಾಯಿ" ಅಂದೆ. ಕಾಗದ ಅಲುಗಲಿಲ್ಲ.

ಇನ್ನೊಮ್ಮೆ. ಅಲುಗಲಿಲ್ಲ. ಬರೆಯುವಾಗ ಭಾರತ, ಧನ, ಖರ್ಚು ಎಲ್ಲ ಸರಿಯಾಗೇ ಬರೀತೀನಿ. ಹೇಳುವಾಗ? ಬಾರತ, ದನ, ಕರ್ಚು. ಅಚ್ಚಗನ್ನಡ ಪದಗಳಲ್ಲಿ ಮಹಾಪ್ರಾಣ ಇರೋದೇ ಅಪರೂಪ, ನಮ್ಮ ನಾಲಿಗೆಗೆ ಅದರ ಹಂಗಿಲ್ಲ, ಅಂತೆಲ್ಲ ಸಮಜಾಯಿಷಿ ಕೊಡೋಕೆ ಹೊರಟೆ. ಮಾಸ್ಟರ್‌ಜಿ ಕಾಗದ ಹಿಡಿದೇ ಇದ್ದರು. ಭಾವನೂ ನಾನೂ ಅವತ್ತು ಒಂದೇ ಬೆಂಚಿಗೆ ಬಂದೆವು.

ಆಮೇಲೆ ದಿನಚರಿ ಕೂತಿತು. ಬೆಳಗ್ಗೆ ಅವರು ತರಗತಿಗೆ, ನಾನು ಸ್ಟ್ಯಾಂಡಪ್ ಮೀಟಿಂಗಿಗೆ. ಸಂಜೆ ಚಾರ್ ದುಕಾನಿನಲ್ಲಿ ಚಹಾ, ಬನ್ ಆಮ್ಲೆಟ್, ಪುಸ್ತಕ. ಹೆಸರಿಗೆ ತಕ್ಕ ಹಾಗೆ ಸಾಲಾಗಿ ನಾಲ್ಕೈದು ಪುಟ್ಟ ಅಂಗಡಿ, ಎದುರಿಗೆ ಬೆಂಚು. ಪ್ರವಾಸಿಗಳು ಮ್ಯಾಗಿ ಫೋಟೋ ತೆಗೀತಿದ್ರೆ ಪಕ್ಕದಲ್ಲಿ ಆರಡಿಯ ಬಿಳಿ ಮನುಷ್ಯ "ಕ ಕಾ ಕಿ ಕೀ" ಅಂತ ಗೊಣಗ್ತಾ ಕೂತಿರೋರು. ನಮ್ಮ ಕಾಗುಣಿತವನ್ನ ಹಿಂದಿಯಲ್ಲಿ ಬಾರಹಖಡೀ ಅಂತಾರೆ, ಬಾರಹ್ ಅಂದರೆ ಹನ್ನೆರಡು. ನಮ್ಮದರ ಹಾಗೆ ಅದರಲ್ಲಿ ಕೆ ಕೇ, ಕೊ ಕೋ ಜೋಡಿ ಇಲ್ಲ, ಉದ್ದದ್ದು ಮಾತ್ರ.

ಭಾವನನ್ನ ಅತಿ ಹೆಚ್ಚು ಕಾಡಿದ್ದು ಗುಡಿಸು. ದೇವನಾಗರಿಯಲ್ಲಿ 'ಕಿ' ಬರೀಬೇಕಾದರೆ ಇ ಸ್ವರದ ಚಿಹ್ನೆ ಕದ ಎಡಗಡೆ ಬರುತ್ತೆ. ಮೊದಲು ಬರೆದು, ಆಮೇಲೆ ಓದಬೇಕು. 'ಹಿಂದಿ' ಅನ್ನೋ ಪದವೇ ಹಾಗೆ ಶುರು. "ಭಾಷೆಯ ಹೆಸರಿನಲ್ಲೇ ಬಾಗಿಲಿಗೆ ಮುಂಚೆ ಮೆಟ್ಟಿಲು ಜಾರುತ್ತೆ" ಅಂತ ಭಾವ ಗೊಣಗಿದರು. ಇನ್ನು ಭ, ಮ. ನೋಡೋಕೆ ಅಣ್ಣ ತಮ್ಮ, ಒಂದು ಸಣ್ಣ ಸುರುಳಿ ಮತ್ತು ತಲೆಗೆರೆಯಲ್ಲಿ ಒಂದು ಬಿರುಕು ಅಷ್ಟೇ ವ್ಯತ್ಯಾಸ. ಘ, ಧ ಕೂಡ ಹಾಗೇ. ಧಾರಾ ಅಂತ ಬರೆಯೋಕೆ ಹೋಗಿ ಎಷ್ಟು ಸಲ ಘಾರಾ ಬರೆದರೋ. ಅರ್ಕಾವೊತ್ತು ಮಾತ್ರ ನಾನು ಸಲೀಸಾಗಿ ವಿವರಿಸಿದೆ, ನಮ್ಮಲ್ಲೂ ಅದು ಮೊದಲು ಉಚ್ಚರಿಸಿ ಆಮೇಲೆ ಬರೆಯುವ ಪ್ರಾಣಿಯೇ.

ಒಂದು ವಿಷಯದಲ್ಲಿ ಅವರು ನನ್ನನ್ನ ಸೋಲಿಸಿದರು. ಬೋರ್ಡು ಓದೋದು. ನಾನು ಕನ್ನಡದ ಅಭ್ಯಾಸದಲ್ಲಿ 'ಸಡಕ', 'ನಮಕೀನ', 'ಜನತಾ' ಅಂತ ಬರೆದದ್ದನ್ನೆಲ್ಲ ಪೂರ್ತಿ ಓದ್ತಿದ್ದೆ. ಹಿಂದಿಯವರು ಕೊನೆಯ ಅ ನುಂಗ್ತಾರೆ, ಎಷ್ಟೋ ಸಲ ನಡುವಿನದ್ದನ್ನೂ. ಸಡಕ್, ನಮ್ಕೀನ್, ಜನ್ತಾ. 'ಸಮಝ್' ಅನ್ನೋದರಲ್ಲಿ ಮ ಪೂರ್ತಿ, 'ಸಮ್ಝಾ' ಆದ ಕೂಡಲೇ ಅರ್ಧ. ಯಾವ ಅ ಉಳಿಯುತ್ತೆ, ಯಾವುದು ಉದುರುತ್ತೆ ಅಂತ ನಾನು ರೂಲ್ ಬರೆಯೋಕೆ ಕೂತೆ. ನಾಲ್ಕನೇ ವಿನಾಯಿತಿಗೆ ಲ್ಯಾಪ್‌ಟಾಪ್ ಮುಚ್ಚಿದೆ. ಹಿಂದಿ ಓದಿ ಹೇಳುವ ಸಾಫ್ಟ್‌ವೇರ್ ಬರೆಯುವವರಿಗೆ ಇದು ಹಳೇ ತಲೆನೋವು. ಭಾವನಿಗೆ ಈ ತೊಂದರೆ ಇರಲೇ ಇಲ್ಲ. ವ್ಯಂಜನದ ಹಿಂದೆ ಅ ಇದೆ ಅಂತ ನಂಬೋದೇ ಅವರಿಗೆ ಕಷ್ಟ, ಬಿಡೋದು ಸುಲಭ.

ಅಮ್ಮನ ವಿಷಯ ಹೇಳಲೇಬೇಕು. ಅಮ್ಮನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಆದರೆ ಹುಡುಗಿಯಾಗಿದ್ದಾಗ ಹಿಂದಿ ಪ್ರಚಾರದ ಪರೀಕ್ಷೆಗಳನ್ನ ಕಟ್ಟಿ ಪ್ರಥಮಾ, ಮಧ್ಯಮಾ ಪಾಸು ಮಾಡಿದವರು, ಸರ್ಟಿಫಿಕೇಟು ಈಗಲೂ ಟ್ರಂಕಿನಲ್ಲಿದೆ. ಅಳಿಯ ಹಿಂದಿ ಕಲೀತಾರಂತೆ ಅಂದಾಗ ಖುಷಿಪಡ್ತಾರೆ ಅಂದುಕೊಂಡಿದ್ದೆ. "ಕಟ್ಟಿಕೊಂಡಿದ್ದು ಕನ್ನಡದವಳನ್ನ, ಕಲಿಯೋದು ಹಿಂದಿನಾ? ಕಲೀಲಿ ಬಿಡು" ಅಂತ ಫೋನಿಟ್ಟರು. ಊರಿನ ಟ್ಯಾಂಕಿನ ಕಥೆ ಹೇಳಿದ ಮೇಲೆ ಸುಮ್ಮನಾದರು. ಆದರೂ ಆ ಮಾತು ನನ್ನ ಎದೆಯಲ್ಲಿ ಕೂತಿತ್ತು, ಯಾಕಂದರೆ ನನಗೂ ಹಾಗೇ ಅನ್ನಿಸಿತ್ತು.

ಒಂದು ರಾತ್ರಿ ಭಾವನಿಗೆ ಒಂದು ತಮಾಷೆ ತೋರಿಸಿದೆ. ಯೂನಿಕೋಡಿನಲ್ಲಿ ಭಾರತದ ಲಿಪಿಗಳನ್ನ ನಮ್ಮ ದೇಶದ ಹಳೇ ಇಸ್ಕಿ ಕ್ರಮದಂತೆಯೇ ಜೋಡಿಸಿದ್ದಾರೆ. ದೇವನಾಗರಿಯ ಕ ತನ್ನ ಬೀದಿಯಲ್ಲಿ ಎಷ್ಟನೇ ಮನೆಯೋ, ಕನ್ನಡದ ಕ ಕನ್ನಡದ ಬೀದಿಯಲ್ಲಿ ಅಷ್ಟನೇ ಮನೆ. ಎರಡು ಬೀದಿಗಳ ನಡುವಿನ ದೂರ 896. ಹಿಂದಿ ಅಕ್ಷರದ ಸಂಖ್ಯೆಗೆ 896 ಕೂಡಿಸಿದರೆ ಅದೇ ಅಕ್ಷರ ಕನ್ನಡದಲ್ಲಿ ಎದ್ದು ಬರುತ್ತೆ. ಹಿಂದಿ ಬಳಸದ ಹ್ರಸ್ವ ಎ, ಒಗಳಿಗೂ ದೇವನಾಗರಿ ಬೀದಿಯಲ್ಲಿ ಮನೆ ಇದೆ, ನಮ್ಮಂಥ ದಕ್ಷಿಣದವರ ಪದ ಬರೆಯಬೇಕಾದಾಗ ಬೇಕಾಗುತ್ತೆ ಅಂತ. ನಾಲ್ಕು ಸಾಲಿನ ಪ್ರೋಗ್ರಾಮು. ಭಾವ ಹಿಂದಿಯಲ್ಲಿ ಟೈಪ್ ಮಾಡಿದ್ದನ್ನ ಹಾಕಿದೆ. 'ನಮಸ್ತೇ ಅಮ್ಮಾ. ಆಜ ಸಾತ ಅಕ್ಷರ ಸೀಖೇ.' ಇವತ್ತು ಏಳು ಅಕ್ಷರ ಕಲಿತೆ ಅಂತ. ಅವರು ನನ್ನ ಕೈಯಿಂದ ಫೋನ್ ಕಸಿದು ಅದನ್ನ ಅಮ್ಮನಿಗೆ ಕಳಿಸೇಬಿಟ್ಟರು.

ಎರಡು ನಿಮಿಷಕ್ಕೆ ಫೋನ್. "ಅಳಿಯಂದ್ರು ಕನ್ನಡ ಅಕ್ಷರ ಬರೆದ್ರಾ? ಆಜ, ಸಾತ. ನೋಡು ಎಷ್ಟು ಸ್ಪಷ್ಟ! ಆ ಟೀವಿಯವರ ಥರ ನುಂಗಿಲ್ಲ."

ಮಷೀನು ಬರೆದದ್ದು ಅಂತ ಹೇಳೋಕೆ ನನಗೆ ಬಾಯಿ ಬರಲಿಲ್ಲ. ಹೇಳಿದ್ದು ಭಾವನೇ, ಹಿಂದಿಯಲ್ಲಿ, ತಡವರಿಸಿಕೊಂಡು. ಅಮ್ಮ ಮಧ್ಯಮಾ ಪಾಸಾದ ಹಿಂದಿಯಲ್ಲಿ ಉತ್ತರ ಕೊಟ್ಟರು, ಪ್ರತಿ ಅಕಾರವನ್ನೂ ಪೂರ್ತಿ ಉಚ್ಚರಿಸುತ್ತ. ಮದುವೆಯಾದ ಮೇಲೆ ಅವರಿಬ್ಬರೂ ನಡುವೆ ಯಾರೂ ಇಲ್ಲದೆ ಮಾತಾಡಿದ್ದು ಅದೇ ಮೊದಲು. ಬಿಲ್ಲಿನ ಹಿಂದಿನ ಚೀಟಿಗೆ ಆಮೇಲೆ ಭಾವ ತಾವಾಗೇ ಒಂದು ಮನೆ ಸೇರಿಸಿದರು. ಹಿಂದಿಯ ವರ್ಣಮಾಲೆಯಲ್ಲಿ ವ್ಯಂಜನ 33, ನಮ್ಮದರಲ್ಲಿ 34. ಆ ಹೆಚ್ಚಿನದು ಳ. 'ಅಳಿಯ' ಅನ್ನೋಕೆ ಅದು ಬೇಕಲ್ಲ.

ಹತ್ತನೇ ದಿನ ಇಳಿದು ಬರುವಾಗ ಧನೌಲ್ಟಿ ಕಡೆಯ ರಸ್ತೆ ಹಿಡಿದೆವು. ಆ ಊರಿಗೆ ಅದೇ ದಾರಿ. ಬಲಗಡೆ ಕಣಿವೆ, ಎಡಗಡೆ ಮರಗಳ ಸಂದಿಯಲ್ಲಿ ಆಗಾಗ ಹಿಮದ ಬೆಟ್ಟ. ಭಾವ ಮಾತಾಡಲಿಲ್ಲ. ತುಟಿ ಮಾತ್ರ ಅಲುಗುತ್ತಿತ್ತು. ಸಾತ್, ಸಾಥ್, ಸಾಠ್.

ರಸ್ತೆಯಿಂದ ಅರ್ಧ ಗಂಟೆ ಇಳಿಜಾರು. ಹತ್ತಿರ ಹೋದ ಮೇಲೆ ನನಗೂ ಕಂಡಿತು, ಒಂದಾದ ಮೇಲೊಂದು ಬೀಗ, ಅಂಗಳದಲ್ಲಿ ಎದೆಯುದ್ದ ಹುಲ್ಲು. ಒಂದು ಮನೆಯ ಬಾಗಿಲಲ್ಲಿ ಅಂಜೂರದ ಗಿಡ ಹುಟ್ಟಿತ್ತು. ಗಢವಾಲಿನ ಎಷ್ಟೋ ಊರುಗಳದ್ದು ಇದೇ ಕಥೆ, ಇಲ್ಲಿ ಅದಕ್ಕೆ ಪಲಾಯನ ಅನ್ನುತ್ತಾರೆ. ಕೆಲಸ, ಶಾಲೆ, ಆಸ್ಪತ್ರೆ ಹುಡುಕಿಕೊಂಡು ಎಲ್ಲರೂ ಬಯಲಿಗೆ ಇಳಿಯುತ್ತಾರೆ. ನಮ್ಮ ಬೀದಿಯಲ್ಲೂ ಬೀಗ ಹಾಕಿದ ಮನೆಗಳಿವೆ, ಅದರಲ್ಲಿ ಒಂದರ ಕೀಲಿ ನನ್ನ ಹತ್ತಿರವೇ ಇರೋದು ಬೆಂಗಳೂರಿನಲ್ಲಿ.

ಧಾರೆಯ ಹತ್ತಿರ ಇಬ್ಬರು ಹೆಂಗಸರು ತಮ್ಮತಮ್ಮಲ್ಲೇ ಗಢವಾಲಿಯಲ್ಲಿ ಮಾತಾಡ್ತಿದ್ದರು. ಒಂದು ಕ್ಷಣ ನಾನು ನಿಂತೆ. ಅವರ ಮಾತಿನಲ್ಲಿ ಳ ಇತ್ತು! ಹಿಂದಿಯಲ್ಲಿ ಇಲ್ಲದ ನಮ್ಮ ಳ, ಈ ಗುಡ್ಡದ ಮೇಲೆ.

ಅದೇ ಅಜ್ಜಿ. ಭಾವನನ್ನ ಗುರುತು ಹಿಡಿದರು, ಟ್ಯಾಂಕು ಏನಾಯ್ತು ಅಂತ ಕೇಳಲಿಲ್ಲ. ಕೇಳಿದ್ದರೆ ವಾಸಿ ಅನ್ನಿಸಿತು. ಭಾವ ಪುಸ್ತಕ ತೆಗೆದು ಕಲ್ಲಿನ ಮೇಲೆ ಕೂತು ನಿಧಾನವಾಗಿ ಹೇಳಿದರು. "ಮಾತಾಜಿ, ಪಿಛಲೀ ಬಾರ್ ಮೈಂನೇ ಗಲತ್ ಸುನಾ." ಹೋದ ಸಲ ನಾನು ತಪ್ಪಾಗಿ ಕೇಳಿಸಿಕೊಂಡೆ. "ಸಾತ್ ಘರ್. ಸಾಠ್ ನಹೀಂ. ಠೀಕ್?"

ತ ಹಲ್ಲಿಗೆ ತಾಗಿತು. ಠಕ್ಕೆ ನಾಲಿಗೆ ಮಡಚಿತು. ಮಾಸ್ಟರ್‌ಜಿ ಇರಬೇಕಿತ್ತು.

ಅಜ್ಜಿ ಬಿಂದಿಗೆ ಕೆಳಗಿಟ್ಟರು. "ಛೇ" ಅಂದರು.

ಏನೋ ಆಗಬಾರದ್ದು ಆಯಿತು ಅಂತ ಮರುಗಿದರು ಅಂದುಕೊಂಡೆ, ನಮ್ಮಮ್ಮ ಅನ್ನೋ ಹಾಗೇ ಇತ್ತು. ಭಾವನಿಗೆ ಕನ್ನಡದ ಛೇ ಗೊತ್ತಿಲ್ಲವಲ್ಲ, ಅವರಿಗೆ ಸರಿಯಾಗೇ ಕೇಳಿಸಿತು. ಹಿಂದಿಯಲ್ಲಿ ಅದು ಆರು. ಏಳು ಇದ್ದವು, ಈಗ ಆರು ಅಂತ ಅಜ್ಜಿ ಬಿಡಿಸಿ ಹೇಳಿದರು. ಮೇಲಿನ ಮನೆಯವರು ಹೋಳಿ ಆದ ಮೇಲೆ ಮಗನ ಜೊತೆ ಡೆಹ್ರಾಡೂನಿಗೆ ಹೋದರಂತೆ. ನೀರು ಹೊತ್ತು ಹೊತ್ತು ಆ ಮನೆಯ ಸೊಸೆಗೆ ಸೊಂಟ ಹೋಗಿತ್ತಂತೆ.

ಭಾವ ಏನೂ ಅನ್ನಲಿಲ್ಲ. ಅಂಕಿ ಹಾಕೋ ಬದಲು ಹಿಂದಿ ಅಕ್ಷರದಲ್ಲಿ ಬರೆದರು. ಮೊದಲು ಛ, ಪಕ್ಕದಲ್ಲಿ ಹ, ಆಮೇಲೆ ಎರಡರ ತಲೆಯ ಮೇಲೂ ಒಂದೇ ಗೆರೆ. ಅಜ್ಜಿ ಬಗ್ಗಿ ನೋಡಿದರು. ತನಗೆ ಓದೋಕೆ ಬರಲ್ಲ, ಏನು ಬರೆದೆ ಓದಿ ಹೇಳು ಅಂದರು.

ಭಾವ ಬೆರಳಿಟ್ಟು ಓದಿದರು.

ಅಜ್ಜಿ ಸರಿ ಅನ್ನೋ ಹಾಗೆ ತಲೆ ಹಾಕಿ, ಬಿಂದಿಗೆಯನ್ನ ಮತ್ತೆ ಧಾರೆಯ ಕೆಳಗೆ ಇಟ್ಟರು.